ಒಂದು ‘ಇಂದ’ಕ್ಕೆ ಐದು ಇಂಗ್ಲಿಷ್ ಪದ

ಮೈಸೂರು, ಮಂಡ್ಯದ ಕಚೇರಿ, ಆಲೆಮನೆ, ಸೀರೆ ಅಂಗಡಿಗಳಿಂದ ಬರುವ ಇಂಗ್ಲಿಷ್ ಪತ್ರ, ಲೇಬಲ್, ಕರಪತ್ರಗಳನ್ನು ತಿದ್ದುವುದು ನನ್ನ ಕೆಲಸ. ಸ್ಪೆಲ್ಲಿಂಗ್ ತಪ್ಪನ್ನು ಕಂಪ್ಯೂಟರೇ ಹಿಡಿಯುತ್ತದೆ. ಅದರ ಕಣ್ಣು ತಪ್ಪಿಸಿ ಉಳಿಯುವುದು ಕರ್ಮಣಿ ಪ್ರಯೋಗದ, ಅಂದರೆ ಕೆಲಸಕ್ಕೆ ಒಳಗಾದದ್ದನ್ನೇ ಮುಂದಿಟ್ಟು ಹೇಳುವ ವಾಕ್ಯದ, ಬೆನ್ನಿಗೆ ಬರುವ ಬೈ, ವಿತ್, ಆಫ್, ಟು ಎಂಬ ಪುಟ್ಟ ಪದಗಳ ತಪ್ಪು. ಬರೆದವರಿಗೆ ಇಂಗ್ಲಿಷ್ ಬಾರದು ಅಂತಲ್ಲ. ಅವರು ಬರೆಯುವಾಗ ಒಳಗೆ ಕನ್ನಡದ ‘ಇಂದ’ ಓಡುತ್ತಿರುತ್ತದೆ.

ಸಚಿವರಿಂದ ಉದ್ಘಾಟನೆ, ಚಾಕುವಿನಿಂದ ಕತ್ತರಿಸಿದ್ದು, ಕಬ್ಬಿನ ಹಾಲಿನಿಂದ ಬೆಲ್ಲ, ರೇಷ್ಮೆಯಿಂದ ಮಾಡಿದ ಸೀರೆ, ಸೋಮವಾರದಿಂದ ಮುಚ್ಚಿರುವ ಅಂಗಡಿ. ಐದು ಕಡೆಗೂ ನಮಗೆ ಒಂದೇ ‘ಇಂದ’ ಸಾಕು. ಶಾಲೆಯ ವ್ಯಾಕರಣ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬೇರ್ಪಡಿಸಿದರೂ ಮಾತಿನಲ್ಲಿ ‘ದೆಸೆಯಿಂದ’ ಅನ್ನುವವರು ಯಾರು? ಇಂಗ್ಲಿಷಿನಲ್ಲಿ ಮಾತ್ರ ಇವೇ ಐದು ಬೈ, ವಿತ್, ಫ್ರಮ್, ಆಫ್, ಸಿನ್ಸ್ ಎಂದು ಒಡೆದುಹೋಗುತ್ತವೆ.

ಮೊದಲು ಬೈ ಮತ್ತು ವಿತ್. ‘ದಿ ಸೀಲ್ ವಾಸ್ ಬ್ರೋಕನ್ ಬೈ ದಿ ಡ್ರೈವರ್ ವಿತ್ ಎ ಸ್ಕ್ರೂಡ್ರೈವರ್’ ಎಂಬ ವಾಕ್ಯವನ್ನು ಕರ್ತರಿಗೆ, ಅಂದರೆ ಕೆಲಸ ಮಾಡಿದವರೇ ಮುಂದೆ ಬರುವ ರೂಪಕ್ಕೆ, ತಿರುಗಿಸಿ. ಡ್ರೈವರ್ ಎದ್ದು ವಾಕ್ಯದ ಮುಂದಕ್ಕೆ ಬಂದು ಕರ್ತೃವಾಗುತ್ತಾನೆ. ಸ್ಕ್ರೂಡ್ರೈವರ್ ‘ವಿತ್’ ಹಿಡಿದುಕೊಂಡು ಇದ್ದಲ್ಲೇ ಕೂರುತ್ತದೆ. ಮುಂದಕ್ಕೆ ಬರಬಲ್ಲದ್ದಕ್ಕೆ ಬೈ, ಉಳಿಯುವುದಕ್ಕೆ ವಿತ್. ಮಳೆ, ಸಿಡಿಲು, ಇಲಿ ಕೂಡ ಮುಂದಕ್ಕೆ ಬರಬಲ್ಲವು, ಹಾಗಾಗಿ ‘ಡ್ಯಾಮೇಜ್ಡ್ ಬೈ ರೇನ್’. ಲಾರಿಯ ಸರಕಿಗೆ ಟಾರ್ಪಾಲಿನ್ ಹೊದಿಸಿದ್ದರೆ ‘ಕವರ್ಡ್ ವಿತ್ ಟಾರ್ಪಾಲಿನ್’, ಅದೇ ಸರಕಿಗೆ ವಿಮೆ ಇದ್ದರೆ ‘ಕವರ್ಡ್ ಬೈ ಇನ್ಶೂರೆನ್ಸ್’. ವಿಧಾನ ಹೇಳುವಾಗ ಮಾತ್ರ ಬೈ ಮುಂದೆ ‘ಎ’, ‘ದಿ’ ಯಾವುದೂ ಇರಬಾರದು: ಬೈ ಹ್ಯಾಂಡ್, ಬೈ ಪೋಸ್ಟ್, ಬೈ ಮಷೀನ್. ‘ಎ’ ಸೇರಿಸಿ ಅದನ್ನು ಉಪಕರಣವಾಗಿ ಹೇಳುವುದಾದರೆ ‘ಪ್ಯಾಕ್ಡ್ ವಿತ್ ಎ ಮಷೀನ್’ ಆಗುತ್ತದೆ.

ಲೇಬಲ್‌ಗಳಲ್ಲಿ ಹೆಚ್ಚು ಕೈಕೊಡುವುದು ‘ಮೇಡ್’. ವಸ್ತು ಕಣ್ಣಿಗೆ ಇನ್ನೂ ಅದೇ ಆಗಿ ಕಂಡರೆ ಆಫ್: ಸೀರೆಯಲ್ಲಿ ರೇಷ್ಮೆ ಕಾಣುತ್ತದೆ, ‘ಮೇಡ್ ಆಫ್ ಸಿಲ್ಕ್’. ರೂಪ ಬದಲಾಗಿ ಗುರುತೇ ಸಿಗದಂತಾಗಿದ್ದರೆ ಫ್ರಮ್: ಕೊಪ್ಪರಿಗೆಯಲ್ಲಿ ಕುದಿದು ಅಚ್ಚಿಗೆ ಬಿದ್ದ ಬೆಲ್ಲದಲ್ಲಿ ಕಬ್ಬಿನ ಹಾಲು ಹಾಲಾಗಿ ಉಳಿದಿಲ್ಲ, ಆದ್ದರಿಂದ ‘ಮೇಡ್ ಫ್ರಮ್ ಶುಗರ್‌ಕೇನ್ ಜ್ಯೂಸ್’. ಹಲವು ಪದಾರ್ಥ ಬೆರೆಸಿದ ತಿಂಡಿಯಲ್ಲಿ ಹಾಕಿದ್ದನ್ನು ಹೇಳಲು ವಿತ್: ಮೈಸೂರು ಪಾಕ್ ‘ಈಸ್ ಮೇಡ್ ವಿತ್’ ಕಡಲೆಹಿಟ್ಟು, ಸಕ್ಕರೆ, ತುಪ್ಪ. ದಿಕ್ಕು ತಿರುಗಿಸಿ ಕಚ್ಚಾವಸ್ತುವನ್ನೇ ಮುಂದಿಟ್ಟರೆ ಇಂಟು: ‘ದಿ ಜ್ಯೂಸ್ ಈಸ್ ಮೇಡ್ ಇಂಟು ಜ್ಯಾಗರಿ’. ಬೀಟೆಮರದ ಪೆಟ್ಟಿಗೆಗೆ ಎರಡು ಪದ ಬೇಕು. ಮರ ಆಫ್, ಅದರೊಳಗೆ ಕೂರಿಸಿದ ಬೇರೆ ಬಣ್ಣದ ಚೂರುಗಳು ‘ಇನ್‌ಲೇಡ್ ವಿತ್’.

ನಾನು ಹೆಚ್ಚು ಸಮಯ ಕೊಡುವುದು ಮುಂದಿನ ಜಾಗಕ್ಕೆ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ಚುನಾವಣೆಗೆ ಒದಗಿಸುತ್ತಿರುವ ಶಾಯಿಯನ್ನೇ ತೆಗೆದುಕೊಳ್ಳಿ. ‘ದಿ ಫಿಂಗರ್ ಈಸ್ ಮಾರ್ಕ್ಡ್ ವಿತ್ ಇಂಕ್’ ಸರಿ. ‘ಇಂಕ್ ಈಸ್ ಅಪ್ಲೈಡ್ ಟು ದಿ ಫಿಂಗರ್’ ಕೂಡ ಸರಿ. ನಡೆಯುವ ಕೆಲಸ ಒಂದೇ, ವಾಕ್ಯದ ಮುಂದೆ ಯಾರನ್ನು ಕೂರಿಸುತ್ತೀರಿ ಎಂಬುದರ ಮೇಲೆ ಪದ ಬದಲಾಗುತ್ತದೆ. ಜಾಗ ಮುಂದೆ ಬಂದರೆ ವಿತ್. ಸರಕು ಮುಂದೆ ಬಂದರೆ ಟು ಅಥವಾ ಆಂಟು. ಲಾರಿ ‘ಲೋಡೆಡ್ ವಿತ್ ಜ್ಯಾಗರಿ’, ಬೆಲ್ಲ ‘ಲೋಡೆಡ್ ಆಂಟು ದಿ ಲಾರಿ’. ಶಾಲೆ ‘ಸಪ್ಲೈಡ್ ವಿತ್ ಬುಕ್ಸ್’, ಪುಸ್ತಕ ‘ಸಪ್ಲೈಡ್ ಟು ದಿ ಸ್ಕೂಲ್’. ಕನ್ನಡದಲ್ಲಿ ‘ಲಾರಿಗೆ ಬೆಲ್ಲ ತುಂಬಲಾಗಿದೆ’, ‘ಬೆಲ್ಲ ಲಾರಿಗೆ ತುಂಬಲಾಗಿದೆ’ ಎಂದು ಪದ ಹಿಂದೆಮುಂದೆ ಮಾಡಿದರೂ ‘ಗೆ’ ಲಾರಿಗೇ ಅಂಟಿಕೊಂಡಿರುತ್ತದೆ, ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಅದಲುಬದಲು ಮಾಡಿ ಪದ ಬದಲಿಸದಿದ್ದರೆ ಬೆಲ್ಲದೊಳಗೆ ಲಾರಿ ತುಂಬಿದಂತಾಗುತ್ತದೆ.

ಆ ‘ಲಾಗಿದೆ’ಯಲ್ಲೇ ಇನ್ನೊಂದು ತೊಡಕಿದೆ. ‘ಪತ್ರವನ್ನು ಕಳುಹಿಸಲಾಗಿದೆ’, ‘ಪತ್ರಗಳನ್ನು ಕಳುಹಿಸಲಾಗಿದೆ’: ಪತ್ರ ಒಂದಿರಲಿ ನೂರಿರಲಿ, ನಮ್ಮ ಕ್ರಿಯಾಪದ ಕದಲುವುದಿಲ್ಲ. ಪತ್ರಕ್ಕೆ ‘ಅನ್ನು’ ಹತ್ತಿರುವುದರಿಂದ ಅದು ಕರ್ಮವಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಪತ್ರವೇ ಕರ್ತೃವಿನ ಜಾಗಕ್ಕೆ ಏರುತ್ತದೆ, ಕ್ರಿಯಾಪದ ಅದರ ಮಾತು ಕೇಳಬೇಕು: ‘ದಿ ಲೆಟರ್ಸ್ ವರ್ ಸೆಂಟ್’. ‘ದಿ ಲೆಟರ್ಸ್ ವಾಸ್ ಸೆಂಟ್’ ಎಂದು ಬರೆಯುವುದು ಅಜಾಗರೂಕತೆಯಲ್ಲ, ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದು ಎಂದು ವಿವರಿಸಿದರೆ ಜನ ಬೇಗ ತಿದ್ದಿಕೊಳ್ಳುತ್ತಾರೆ.

ಕರ್ಮಣಿಯೇ ಆಗದ ಕ್ರಿಯಾಪದಗಳೂ ಇವೆ. ‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’, ‘ದಿ ಸ್ಟಾಕ್ ವಾಸ್ ಅರೈವ್ಡ್’, ‘ದಿ ಸೆಟ್ ಈಸ್ ಕನ್ಸಿಸ್ಟೆಡ್ ಆಫ್ ಸಿಕ್ಸ್ ಪೀಸಸ್’ ಮೂರೂ ತಪ್ಪು. ಆಗುವುದು, ಬರುವುದು, ಕೂಡಿರುವುದು ಯಾರಾದರೂ ಯಾವುದರ ಮೇಲಾದರೂ ಮಾಡುವ ಕೆಲಸವಲ್ಲ. ಈಸ್, ವಾಸ್ ಕಿತ್ತುಹಾಕಿ, ಮೂರನೆಯದರಲ್ಲಿ ‘ಕನ್ಸಿಸ್ಟ್ಸ್ ಆಫ್’ ಮಾಡಿ. ಕರ್ಮಣಿಯೇ ಬೇಕೆಂದರೆ ‘ಈಸ್ ಕಂಪೋಸ್ಡ್ ಆಫ್’ ಇದೆ.

ದೂರುಗಳಿಗೆ ಕೊಡುವ ಉತ್ತರದಲ್ಲಿ ‘ಯುವರ್ ಕಂಪ್ಲೇಂಟ್ ಹ್ಯಾಸ್ ಬೀನ್ ಅಟೆಂಡೆಡ್’ ಎಂದು ನಿಲ್ಲಿಸಿಬಿಡುತ್ತಾರೆ. ಕರ್ತರಿಯಲ್ಲಿ ‘ವಿ ಅಟೆಂಡೆಡ್ ಟು ಯುವರ್ ಕಂಪ್ಲೇಂಟ್’. ದೂರು ಮುಂದಕ್ಕೆ ಹೋದರೂ ಟು ಕ್ರಿಯಾಪದದ ಪಕ್ಕದಲ್ಲೇ ಇರಬೇಕು: ‘ಅಟೆಂಡೆಡ್ ಟು’. ‘ಲುಕ್ಡ್ ಇಂಟು’, ‘ಡೆಲ್ಟ್ ವಿತ್’ ಕೂಡ ಹೀಗೆಯೇ. ಕರ್ತರಿಯಲ್ಲಿ ಇಲ್ಲದ್ದನ್ನು ತಂದು ಅಂಟಿಸುವುದು ಇದಕ್ಕೆ ತದ್ವಿರುದ್ಧದ ತಪ್ಪು. ‘ದಿ ಮ್ಯಾಟರ್ ವಾಸ್ ಡಿಸ್ಕಸ್ಡ್ ಅಬೌಟ್’ ಬೇಡ, ‘ಡಿಸ್ಕಸ್ಡ್’ ಸಾಕು. ‘ಫಿಫ್ಟಿ ಬಾಕ್ಸಸ್ ವರ್ ಆರ್ಡರ್ಡ್ ಫಾರ್’ ಬೇಡ, ‘ಆರ್ಡರ್ಡ್’ ಸಾಕು. ಕರಡು ಮುಗಿದ ಮೇಲೆ ವಾಸ್, ವರ್, ಬೀನ್ ಇರುವ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅನುಮಾನ ಬಂದ ವಾಕ್ಯದ ಕರ್ತರಿ ರೂಪವನ್ನು ಅಂಚಿನಲ್ಲಿ ಬರೆಯಿರಿ. ಒಂದು ಪುಟದ ಪತ್ರಕ್ಕೆ ಐದು ನಿಮಿಷ ಹಿಡಿದೀತು.

ನಾಮಪದದ ಪಕ್ಕದಲ್ಲಿ ಜಾಗ ತಪ್ಪುವುದೂ ಇದೆ. ‘ಸಂಬಂಧಪಟ್ಟ ಅಧಿಕಾರಿ’ ಎಂಬ ನಮ್ಮ ಕ್ರಮದಲ್ಲೇ ‘ದಿ ಕನ್ಸರ್ನ್ಡ್ ಆಫೀಸರ್’ ಎಂದು ಬರೆಯುತ್ತೇವೆ. ಇಲ್ಲಿನ ಕಚೇರಿಗಳಲ್ಲಿ ಅದು ನಡೆಯುತ್ತದೆ, ಹೊರದೇಶದ ಖರೀದಿದಾರನಿಗೆ ಮಾತ್ರ ಚಿಂತೆಯಲ್ಲಿ ಮುಳುಗಿದ ಅಧಿಕಾರಿ ಕಾಣುತ್ತಾನೆ. ‘ದಿ ಆಫೀಸರ್ ಕನ್ಸರ್ನ್ಡ್’ ಎಂದರೆ ಗೊಂದಲವಿಲ್ಲ. ಕ್ರಿಯಾಪದಕ್ಕೆ ಬಾಲ ಇದ್ದರಂತೂ ಎರಡೂ ನಾಮಪದದ ಹಿಂದೆಯೇ ಹೋಗಬೇಕು. ‘ಸಾಗಣೆಯಲ್ಲಿ ಹಾಳಾದ ಸರಕು’ ಅಂದರೆ ‘ಗೂಡ್ಸ್ ಡ್ಯಾಮೇಜ್ಡ್ ಇನ್ ಟ್ರಾನ್ಸಿಟ್’.

ಪ್ರವಾಸಿ ಕರಪತ್ರದ ಒಂದು ವಾಕ್ಯದಲ್ಲಿ ಇವು ಹೇಗೆ ಸೇರುತ್ತವೆ ನೋಡಿ. ಕೃಷ್ಣರಾಜಸಾಗರ ಎಂಬ ಕನ್ನಂಬಾಡಿ ಕಟ್ಟೆ ‘ವಾಸ್ ಬಿಲ್ಟ್ ಅಕ್ರಾಸ್ ದಿ ಕಾವೇರಿ, ಆಫ್ ಸ್ಟೋನ್ ಲೇಡ್ ಇನ್ ಸುರ್ಕಿ ಮಾರ್ಟರ್, ಅಂಡ್ ನೇಮ್ಡ್ ಆಫ್ಟರ್ ಕೃಷ್ಣರಾಜ ಒಡೆಯರ್’. ನದಿಗೆ ಅಡ್ಡಲಾಗಿ ಅಕ್ರಾಸ್, ಕಲ್ಲಿಗೆ ಆಫ್, ಕಲ್ಲು ಕೂತ ಗಾರೆಗೆ ಇನ್, ಯಾರ ಹೆಸರೋ ಅವರಿಗೆ ಆಫ್ಟರ್. ಕೊನೆಯದರಲ್ಲಿ ‘ನೇಮ್ಡ್ ಬೈ’ ಹಾಕಿದರೆ ಒಡೆಯರೇ ಆ ಹೆಸರಿಟ್ಟರು ಎಂಬ ಬೇರೆಯೇ ಅರ್ಥ ಬರುತ್ತದೆ.

ಹಣದ ವಿಷಯವಾದ್ದರಿಂದ ಇದೊಂದನ್ನು ಬಿಡುವಂತಿಲ್ಲ: ಗಡುವಿನ ಬೈ. ‘ಟು ಬಿ ಪೇಯ್ಡ್ ಬೈ ದಿ ಡೀಲರ್ ಬೈ ದಿ ಟೆಂತ್’ ಎನ್ನುವಲ್ಲಿ ಮೊದಲನೆಯ ಬೈ ‘ಇಂದ’, ಎರಡನೆಯದು ‘ಒಳಗೆ’. ‘ವರೆಗೆ’ ಎಂದು ಹೇಳಬೇಕಾದರೆ ಅನ್‌ಟಿಲ್. ‘ದಿ ಗೋಡೌನ್ ವಿಲ್ ಬಿ ಕೆಪ್ಟ್ ಓಪನ್ ಅನ್‌ಟಿಲ್ ದಿ ಟೆಂತ್’ ಎಂದರೆ ಹತ್ತನೇ ತಾರೀಖಿನವರೆಗೂ ಬಾಗಿಲು ತೆರೆದಿರುತ್ತದೆ. ಸರಕು ತಲುಪಿಸುವ ಮಾತಿಗೆ ಇದೇ ಅನ್‌ಟಿಲ್ ಹಾಕಿದರೆ ದಿನವೂ ಲಾರಿ ಬರುತ್ತದೆಂದು ಓದುವವರು ಕಾಯುತ್ತಾರೆ. ಅಲ್ಲಿ ‘ವಿಲ್ ಬಿ ಡೆಲಿವರ್ಡ್ ಬೈ ದಿ ಟೆಂತ್’ ಎಂದೇ ಬರೆಯಿರಿ.