ಎಡಗೈಗೊಂದು ರೈಫಲ್: ಹಲಸಿನ ಮರದ ಕೆಲಸ ಎಲ್ಲಿಗೆ ಬಂತು

ಡಿಸೆಂಬರ್, ಎರಡನೇ ವಾರ

ನಾನು ಎಡಗೈಯವನು. 10 ಮೀಟರ್ ಏರ್ ರೈಫಲ್ ಅಭ್ಯಾಸ ಶುರು ಮಾಡಿ ಮೂರು ವರ್ಷ ಆಯ್ತು. ಅಂಗಡಿಯಿಂದ ತಂದ ರೈಫಲ್‌ನ ಸ್ಟಾಕ್‌ನಲ್ಲಿ, ಅಂದರೆ ಭುಜಕ್ಕೆ ಕೊಡುವ ಮರದ ಭಾಗದಲ್ಲಿ, ಕೆನ್ನೆ ಒರಗಿಸುವ ಉಬ್ಬು ಎಡಪಕ್ಕಕ್ಕಿದೆ. ಬಲಗೈಯವರ ಕೆನ್ನೆ ಅಲ್ಲಿ ಸರಿಯಾಗಿ ಕೂರುತ್ತದೆ. ನನ್ನ ಕೆನ್ನೆ ಬರುವುದು ಬಲಪಕ್ಕಕ್ಕೆ. ಅಲ್ಲಿ ಒರಗೋಕೆ ಏನೂ ಇಲ್ಲ. ತಲೆ ಒಂದೊಂದು ಸಲ ಒಂದೊಂದು ಕಡೆ ಕೂತರೆ ಕಣ್ಣು ಅದೇ ಗೆರೆಗೆ ಬರುವುದು ಹೇಗೆ? ಟಾರ್ಗೆಟ್ ಕಾಗದದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಪೆಲೆಟ್‌ನ, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡಿನ, ಅಗಲವೇ 4.5 ಮಿಲಿಮೀಟರ್.

ಹಾಗಾಗಿ ಎಡಗೈಗೆ ಹೊಂದುವ ಹೊಸ ಸ್ಟಾಕ್ ನಾನೇ ಮಾಡಿಕೊಳ್ಳೋಣ ಎಂದು ಶಿರಸಿಯಲ್ಲಿ ಕೋವಿ ರಿಪೇರಿ ಮಾಡುವ ಆಚಾರ್ರ ಹತ್ತಿರ ಹೋದೆ. ಎಪ್ಪತ್ತು ದಾಟಿದವರು. ರಿಪೇರಿ ಲೈಸನ್ಸ್ ಇದೆ. ಹಳ್ಳಿ ಕಡೆಯ ತೋಟದವರು ಬೆಳೆ ಕಾಯಲು ಇಟ್ಟುಕೊಂಡ ಲೈಸನ್ಸ್ ಕೋವಿಗಳೆಲ್ಲ ಅವರ ಕೈಗೇ ಬರುವುದು. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಗೆ ಕೊಟ್ಟು ಬರಬೇಕಲ್ಲ, ಅವು ವಾಪಸ್ ಬಂದ ಮೇಲೆ ಆಚಾರ್ರಿಗೆ ಬಿಡುವೇ ಇರುವುದಿಲ್ಲ.

ಅವರು ಮೊದಲೇ ಒಂದು ಮಾತು ಹೇಳಿದರು. "ತಮಾ, ನಳಿಗೆಗೆ, ಕುದುರೆಗೆ, ಒಳಗಿನ ಸ್ಪ್ರಿಂಗಿಗೆ ಕೈ ಹಾಕೂದು ಬೇಡ. ಮರ ಮಾತ್ರ ನಿಂದು." ಕುದುರೆ ಎಂದರೆ ಟ್ರಿಗರ್. ನನಗೂ ಬೇಕಾಗಿದ್ದು ಅಷ್ಟೇ. 4.5 ಮಿಲಿಮೀಟರ್‌ನ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲ್‌ಗೆ ಲೈಸನ್ಸ್ ಬೇಡ. ಆದರೆ ನಿಜವಾದ ಬಂದೂಕನ್ನು ಲೈಸನ್ಸ್ ಇಲ್ಲದೆ ಮನೆಯಲ್ಲಿ ಮಾಡುವುದು ಅಪರಾಧ, ಏರ್ ರೈಫಲ್‌ನ ಶಕ್ತಿ ಹೆಚ್ಚಿಸಲು ಹೋಗುವುದೂ ಸರಿಯಲ್ಲ. ಊರಲ್ಲಿ ಸುಮಾರು ಜನ ಕೇಳುತ್ತಾರೆ, "ಮಂಗ ಹೊಡೆಯೋಕಾ?" ಅಲ್ಲ. ಇದು ಕಾಗದಕ್ಕೆ ಹೊಡೆಯುವ ರೈಫಲ್. ಮಂಗಕ್ಕಾಗಲಿ ಹಕ್ಕಿಗಾಗಲಿ ಹೊಡೆಯುವುದಕ್ಕಲ್ಲ.

ಜನವರಿ 6

ಸಾಮಿಲ್ಲಿನಿಂದ ತೇಗದ ತುಂಡು ತಂದೆ. "ಪೂರ್ತಿ ಒಣಗಿದ್ದು" ಅಂತಲೇ ಕೊಟ್ಟರು. ಆಚಾರ್ರು ಬೆರಳಿನಿಂದ ತಟ್ಟಿ ನೋಡಿದರು, ಏನೂ ಹೇಳಲಿಲ್ಲ. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆದಿಡು ಎಂದರು. ಬರೆದೆ. ಆದರೆ ಕಾಯಲಿಲ್ಲ. ಅದೇ ವಾರ ರೈಫಲ್‌ನ ಕಬ್ಬಿಣದ ಭಾಗ ಕೂರುವ ಗುಂಡಿ ಕೊರೆಯಲು ಶುರು ಮಾಡಿದೆ.

ಜನವರಿ 27

ಮೂರು ವಾರದಲ್ಲಿ ತೂಕ 140 ಗ್ರಾಂ ಇಳಿದಿತ್ತು. ಕೊರೆದು ಆರಿಸಿದ ಚಕ್ಕೆಯನ್ನೂ ಜೊತೆಗಿಟ್ಟು ತೂಗಿದ್ದೇನೆ, ಆದ್ದರಿಂದ ಹೋಗಿದ್ದೆಲ್ಲ ನೀರೇ. ಕೊರೆದ ಗುಂಡಿ ಒಂದು ಕಡೆಗೆ ತಿರುಚಿಕೊಂಡಿದೆ. ರೈಫಲ್ ಇಟ್ಟರೆ ಮುಂಭಾಗ ಅಲುಗಾಡುತ್ತದೆ, ಹಿಂಭಾಗ ಒಳಗೆ ಹೋಗುವುದೇ ಇಲ್ಲ. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎಂದೇ ಹೇಳಬಹುದು, ಕುಗ್ಗುವುದೆಲ್ಲ ಅಡ್ಡಕ್ಕೆ. ಹಸಿ ಮರದಲ್ಲಿ ಅಳತೆ ಇಟ್ಟರೆ ಆ ಅಳತೆ ಉಳಿಯುವುದಿಲ್ಲ. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಎಂಬುದು ಬಡಗಿಗಳ ಹಳೆಯ ಲೆಕ್ಕ. ನನ್ನ ತುಂಡು ಎರಡೂವರೆ ಅಂಗುಲ ದಪ್ಪ.

ತುಂಬಾ ಬೇಜಾರಾಯಿತು. ಮೂರು ವಾರದ ಸಂಜೆಗಳು ಹೋದವು.

ಫೆಬ್ರವರಿ 9

ಹಳೆ ಮನೆಯ ಕೊಟ್ಟಿಗೆ ಬಿಚ್ಚುವಾಗ ಇಳಿಸಿದ್ದ ಹಲಸಿನ ತೊಲೆಯೊಂದು ಅಟ್ಟದ ಮೇಲೆ ಬಿದ್ದಿತ್ತು. ಅಜ್ಜನ ಕಾಲದ್ದು. ಮೇಲೆಲ್ಲ ಹೊಗೆಯ ಕಪ್ಪು. ಒಂದು ಕೊನೆ ಕೊಯ್ದು ನೋಡಿದರೆ ಒಳಗೆ ಜೇನಿನ ಬಣ್ಣ. ಚಂಡೆಗೂ ಮೃದಂಗಕ್ಕೂ ಇದೇ ಮರ ಅಲ್ವಾ. ಇಷ್ಟು ಕಾಲ ಒಣಗಿದ ಮರ ಇನ್ನೆಷ್ಟು ಅಲುಗುತ್ತದೆ?

ಆಚಾರ್ರು ತೊಲೆಯನ್ನು ಬಿಸಿಲಿಗೆ ಹಿಡಿದು ಎಳೆ ಹೋದ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಕುದುರೆಯ ಹಿಂದೆ ಮುಷ್ಟಿ ಹಿಡಿಯುವ ಸಣ್ಣ ಭಾಗಕ್ಕೆ ಅವರು "ಕುತ್ತಿಗೆ" ಎನ್ನುತ್ತಾರೆ. ಸ್ಟಾಕ್ ಮುರಿಯುವುದು ಹೆಚ್ಚಾಗಿ ಅಲ್ಲೇ. ಕುತ್ತಿಗೆಯಲ್ಲಿ ಎಳೆ ಉದ್ದಕ್ಕೆ ಹರಿಯಬೇಕು, ಅಡ್ಡ ಬಂದರೆ ಒಂದು ಸಲ ಕೆಳಗೆ ಬಿದ್ದರೂ ಸಾಕು, ಸೀಳುತ್ತದೆ. ಅವರು ಬರೆದ ಗೆರೆ ನಾನು ಅಂದುಕೊಂಡಿದ್ದಕ್ಕಿಂತ ನಾಲ್ಕು ಬೆರಳು ಓರೆಯಾಗಿತ್ತು.

ಹಳೆ ತೊಲೆ ತರುವವರು ಅಯಸ್ಕಾಂತ ಓಡಿಸಿ ನೋಡಿ. ನಾನು ಎರಡು ಮೊಳೆ ಕಿತ್ತೆ. ಮೂರನೆಯದು ಒಳಗೆ ಮುರಿದು ಕೂತಿತ್ತು, ಉಳಿಯ ಬಾಯಿ ಹೋಯಿತು.

ಮಾರ್ಚ್, ಇಡೀ ತಿಂಗಳು

ಈ ತಿಂಗಳು ಮಾಡಿದ್ದು ಒಂದೇ ಕೆಲಸ. ಕಬ್ಬಿಣದ ಭಾಗ ಮರದೊಳಗೆ ಕೂರುವ ಗುಂಡಿಯನ್ನು ಕೆತ್ತುವುದು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗವೂ ಇದೇ.

ಆಚಾರ್ರು ಹಣತೆಯ ಮೇಲೆ ತಾಮ್ರದ ತಟ್ಟೆ ಹಿಡಿದು ಮಸಿ ಮಾಡಿದರು. ಅದಕ್ಕೆ ಎರಡು ಹನಿ ಹರಳೆಣ್ಣೆ. ಮಕ್ಕಳ ಕಣ್ಣಿಗೆ ಹಚ್ಚುವ ಕಾಡಿಗೆ ಮಾಡುತ್ತಿದ್ದರಲ್ಲ, ಅದೇ ರೀತಿ. ಅದನ್ನು ಕಬ್ಬಿಣದ ತಳಕ್ಕೆ ಬೆರಳಿನಲ್ಲಿ ತೆಳ್ಳಗೆ ಸವರಬೇಕು. ನೇರವಾಗಿ ಗುಂಡಿಗೆ ಇಳಿಸಿ, ಮರದ ಕೊಡತಿಯಿಂದ ಒಂದು ಮೆತ್ತನೆ ಏಟು. ಮೇಲೆತ್ತಿದರೆ ಮರ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಕಪ್ಪು. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆಯಬೇಕು. ಮತ್ತೆ ಸವರು, ಇಳಿಸು, ಎತ್ತು, ಕೆರೆ.

ಮೊದಲ ದಿನ ಕಪ್ಪು ಬಿದ್ದಿದ್ದು ಎರಡೇ ಕಡೆ, ಕಡಲೆಕಾಳಿನಷ್ಟು. ಅಂದರೆ ಇಡೀ ರೈಫಲ್ ಆ ಎರಡು ಕಾಳಿನ ಮೇಲೆ ನಿಂತಿತ್ತು. ಹತ್ತನೇ ದಿನಕ್ಕೆ ಚುಕ್ಕೆಗಳು ಇಪ್ಪತ್ತಾದವು. ತಿಂಗಳ ಕೊನೆಗೆ ಗುಂಡಿಯ ಎರಡೂ ದಂಡೆ ಉದ್ದಕ್ಕೂ ನವಿರಾದ ಬೂದು ಬಣ್ಣ ಒಂದೇ ಸಮ ಹತ್ತಿತು. ಆವತ್ತು ರೈಫಲ್ ಇಳಿಸಿದಾಗ ಒಳಗಿನ ಗಾಳಿ ಹೊರಗೆ ಹೋಗುವ "ಫುಸ್" ಸದ್ದು ಕೇಳಿಸಿತು. ಆಚಾರ್ರು ತಲೆ ಎತ್ತಿ ನೋಡಿದರು. "ಹಾಂ, ಈಗ ಕೂತ್ತು."

ಉಳಿಯ ವಿಷಯಕ್ಕೆ ಗುಡಿಗಾರರೊಬ್ಬರ ಉಪಕಾರ ನೆನೆಯಲೇಬೇಕು. ಗಂಧ, ಶಿವನೆ ಮರದ ಕೆತ್ತನೆ ಅವರ ಮನೆತನದ ಕಸುಬು. ಮೂಲೆಗೆ ಹೋಗುವ ಬಾಗಿದ ಸಣ್ಣ ಉಳಿ ಎರಡು ತಿಂಗಳ ಮಟ್ಟಿಗೆ ಕೊಟ್ಟರು. ಉಳಿಯನ್ನು ದೂಡಬಾರದು, ಹೆಬ್ಬೆರಳಿನಿಂದ ತಡೆದು ಹಿಡಿದೇ ಸರಿಸಬೇಕು ಎಂದು ತೋರಿಸಿಕೊಟ್ಟರು. ಅದಾದ ಮೇಲೆ ನನ್ನ ಕೈಯಿಂದ ಒಂದು ಚಕ್ಕೆಯೂ ತಪ್ಪಿ ಹಾರಲಿಲ್ಲ.

ಏಪ್ರಿಲ್ 12

ಇಷ್ಟು ಬಿಗಿಯಾಗಿ ಯಾಕೆ ಕೂರಬೇಕು ಎಂದು ತಮ್ಮ ಕೇಳಿದ. ಸ್ಪ್ರಿಂಗ್ ರೈಫಲ್‌ನಲ್ಲಿ ಕುದುರೆ ಎಳೆದ ಕೂಡಲೇ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದೆ ಜಗ್ಗುತ್ತದೆ. ಪಿಸ್ಟನ್ ಕೊನೆಗೆ ಹೋಗಿ ಒತ್ತಿದ ಗಾಳಿಗೆ ಬಡಿದಾಗ ರೈಫಲ್ ಮುಂದಕ್ಕೆ ಎಗರುತ್ತದೆ. ಈ ಹಿಂದೆ ಮುಂದೆ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಮರದಲ್ಲಿ ಸಡಿಲ ಇದ್ದರೆ ರೈಫಲ್ ಒಂದೊಂದು ಸಲ ಒಂದೊಂದು ರೀತಿ ಅಲುಗುತ್ತದೆ. ಕಬ್ಬಿಣ ಮರಕ್ಕೆ ಬಿಗಿ ಇರಬೇಕು, ಮರ ಕೈಯಲ್ಲಿ ಸಡಿಲ ಇರಬೇಕು. ಗಟ್ಟಿ ಹಿಡಿದರೆ ಗುರಿ ಚದುರುತ್ತದೆ.

ಇದೇ ಕಾರಣಕ್ಕೆ ಸ್ಕ್ರೂಗಳೂ ಬೇಗ ಸಡಿಲಾಗುತ್ತವೆ. ಸ್ಕ್ರೂ ನೇರ ಮರವನ್ನು ಒತ್ತಬಾರದು ಎಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಶ್, ಅಂದರೆ ಸ್ಕ್ರೂ ಹಾದುಹೋಗುವ ಸಣ್ಣ ಕೊಳವೆ, ಮಾಡಿಸಿ ಅರಾಲ್ಡೈಟ್ ಹಾಕಿ ಕೂರಿಸಿದೆ. ಕಬ್ಬಿಣಕ್ಕೆ ಮೊದಲೇ ಮೇಣ ಹಚ್ಚಿದ್ದೆ. ಹಚ್ಚದಿದ್ದರೆ ಎರಡೂ ಅಂಟಿಕೊಂಡು ಬಿಚ್ಚೋಕೆ ಬರುವುದಿಲ್ಲ.

ಏಪ್ರಿಲ್ 30

ಹೊರಗಿನ ಆಕಾರ. ಬಾಚಿ, ಕೀಸುಳಿ, ಅರ, ಆಮೇಲೆ ಪಾಲಿಶ್ ಪೇಪರ್. ಕುದುರೆಯಿಂದ ಹಿಂದಿನ ಕೊನೆಗೆ ನನ್ನ ಅಳತೆ 34 ಸೆಂಟಿಮೀಟರ್. ಮೊಣಕೈ ಮಡಚಿ, ಸ್ಟಾಕ್‌ನ ಕೊನೆಯನ್ನು ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಕುದುರೆಗೆ ಮುಟ್ಟಬೇಕು. ಕೆನ್ನೆಯ ಉಬ್ಬು ಬಲಪಕ್ಕಕ್ಕೆ. ಅದನ್ನು ಒಂದೇ ದಿನ ಇಳಿಸಬೇಡ ಎಂದರು ಆಚಾರ್ರು. ದಿನಕ್ಕೆ ನಾಲ್ಕು ಸಲ ಅರ ಎಳೆದು, ಕಣ್ಣು ಮುಚ್ಚಿ ಕೆನ್ನೆ ಇಟ್ಟು, ಆಮೇಲೆ ಕಣ್ಣು ಬಿಟ್ಟು ನೋಡುತ್ತಿದ್ದೆ. ಎಂಟು ದಿನ ಹಿಡಿಯಿತು.

ಮೇ 18

ಅಗಸೆ ಎಣ್ಣೆಯ ಮೂರು ಕೈ ಆಯಿತು. ಅಂಗೈಗೆ ನಾಲ್ಕೇ ಹನಿ, ಬಿಸಿಯಾಗುವ ತನಕ ತಿಕ್ಕುವುದು, ಉಳಿದದ್ದನ್ನು ಬಟ್ಟೆಯಲ್ಲಿ ಒರೆಸುವುದು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಉಂಡೆಗೆ ತಾನಾಗಿ ಬೆಂಕಿ ಹತ್ತಬಹುದು. ನಾನು ಅಂಗಳದ ಹಗ್ಗಕ್ಕೆ ಹರವಿ ಒಣಗಿಸುತ್ತೇನೆ.

ಕೊಟ್ಟಿಗೆಯ ಉದ್ದಕ್ಕೆ 10 ಮೀಟರ್ ಅಳೆದು, ಟಾರ್ಗೆಟ್‌ನ ನಡುವನ್ನು ನೆಲದಿಂದ 1.4 ಮೀಟರ್ ಎತ್ತರಕ್ಕೆ ತೂಗು ಹಾಕಿದ್ದೇನೆ. ಹಿಂದೆ ಕಬ್ಬಿಣದ ತಗಡು, ಅದರ ಮುಂದೆ ಹಳೆ ಗೋಣಿಚೀಲದ ಕಟ್ಟು. ಕಣ್ಣಿಗೆ ಕನ್ನಡಕ. ಹಳೆ ಸ್ಟಾಕ್‌ನಲ್ಲಿ ಐದು ಹೊಡೆತದ ತೂತುಗಳ ಗುಂಪು 17 ಮಿಲಿಮೀಟರ್ ಅಗಲ ಬರುತ್ತಿತ್ತು. ಇವತ್ತು ಐದು ಗುಂಪು ಹೊಡೆದೆ, ಎಲ್ಲಕ್ಕಿಂತ ಅಗಲದ್ದು 11. ನಳಿಗೆ ಅದೇ, ಪೆಲೆಟ್ ಅದೇ ಡಬ್ಬಿಯದ್ದು.

ಜೂನ್ 21

ಮಳೆ ಹಿಡಿದು ಎರಡು ವಾರ. ಗೋಡೆಯೇ ಬೆವರುತ್ತಿದೆ. ಮರ ಉಬ್ಬಿತೋ ಎಂಬ ಭಯದಲ್ಲೇ ಸ್ಕ್ರೂ ಬಿಚ್ಚಿ ಮಸಿ ಸವರಿ ನೋಡಿದೆ. ಕುದುರೆ ಹತ್ತಿರ ಒಂದೇ ಕಡೆ, ಅಕ್ಕಿಕಾಳಿನಷ್ಟು ಕಪ್ಪು ಜಾಸ್ತಿ ಬಿದ್ದಿದೆ. ಬೇರೆಲ್ಲೂ ಅಲುಗಿಲ್ಲ. ಕೊಡೆ ಹಿಡಿದು ಆಚಾರ್ರಿಗೆ ತೋರಿಸಲು ಹೋದೆ. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಕೆರೀಬೇಡ. ದೀವಳಿಗೆ ಕಳೀಲಿ, ಅದೇ ಹಿಂದೆ ಹೋಗ್ತು" ಎಂದರು. ನಾಲ್ಕನೇ ಕೈ ಎಣ್ಣೆಯೂ ದೀವಳಿಗೆ ಕಳೆದ ಮೇಲೇ.