ಭಾನುವಾರ ಸಂಜೆ ವಿಯೆನ್ನಾದಲ್ಲಿ ಇಳಿಯುವವರಿಗೆ

ಜೂನ್ ತಿಂಗಳ ಒಂದು ಭಾನುವಾರ, ಸಂಜೆ ನಾಲ್ಕೂವರೆಗೆ ವಿಯೆನ್ನಾದಲ್ಲಿ ಇಳಿದೆವು. ನಮ್ಮೂರಿನಲ್ಲಾಗಲೇ ರಾತ್ರಿ ಎಂಟು. ನಿದ್ದೆಯಿಲ್ಲದ ನಾನು, ಕಾಲು ಊದಿಸಿಕೊಂಡ ಅರವತ್ತೆಂಟರ ಅಮ್ಮ, ಎರಡು ಸೂಟ್‌ಕೇಸು, ಒಂದು ಡಬ್ಬಿ ಚಟ್ನಿಪುಡಿ.

ಹೊರಬಂದೊಡನೆ ಕಣ್ಣಿಗೆ ರಾಚುವುದು ಹಸಿರು ಬಣ್ಣದ ಕ್ಯಾಟ್ ರೈಲಿನ ಫಲಕಗಳು. ವೀನ್ ಮಿಟ್ಟೆ ನಿಲ್ದಾಣಕ್ಕೆ ಹದಿನಾರೇ ನಿಮಿಷ, ನಿಜ. ಆದರೆ ಎಸ್7 ಲೋಕಲ್ ರೈಲೂ ಸುಮಾರು 25 ನಿಮಿಷದಲ್ಲಿ ಅಲ್ಲಿಗೇ ಹೋಗುತ್ತದೆ, ದರ ಮೂರನೇ ಒಂದು ಪಾಲಿನಷ್ಟು. ನಾವು ಎಸ್7 ಹತ್ತಿದೆವು. ಹಳಿ ಕೆಲಸ ನಡೆಯುವ ದಿನಗಳಾದರೆ ಹೌಪ್ಟ್‌ಬಾನ್‌ಹೋಫ್‌ಗೆ, ಅಂದರೆ ಮುಖ್ಯ ರೈಲು ನಿಲ್ದಾಣಕ್ಕೆ, ಹೋಗುವ ದೂರಪ್ರಯಾಣದ ರೈಲು ನೋಡಿಕೊಳ್ಳಿ. ನಗರದೊಳಗಿನ ಪಾಸ್ ವಿಮಾನ ನಿಲ್ದಾಣದವರೆಗೆ ನಡೆಯುವುದಿಲ್ಲ. ಮೆಟ್ರೋದಲ್ಲಿ ನಮ್ಮಲ್ಲಿಯಂತೆ ತಡೆಯುವ ಗೇಟುಗಳಿಲ್ಲ ಎಂದು ಹಾಗೇ ಒಳಗೆ ನುಗ್ಗಬೇಡಿ. ಮುದ್ರೆಯಿಲ್ಲದ ಕಾಗದದ ಟಿಕೆಟನ್ನು ನೀಲಿ ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಲೇಬೇಕು.

ರೈಲಿನಲ್ಲಿ ಅಮ್ಮ ನೀರಿನ ಬಾಟಲಿ ತಿರುಗಿಸಿದ್ದೇ ತಡ, ಬುಸ್ಸೆಂದು ಸೀರೆಯ ಮೇಲೆಲ್ಲಾ ಉಕ್ಕಿತು. "ಇದೇನೇ, ಸೋಡಾ ಕೊಂಡ್ಕೊಂಡ್ಯಾ?" ಬಾಟಲಿಯ ಮೇಲೆ 'ಸ್ಟಿಲ್' ಎಂದಿದೆಯೇ ನೋಡಿ. ಅದಕ್ಕಿಂತ, ಕೊಳ್ಳಲೇಬೇಡಿ. ಈ ಊರಿನ ನಲ್ಲಿಯಲ್ಲಿ ಬರುವುದು 1873ರಿಂದಲೂ ಆಲ್ಪ್ಸ್ ಬೆಟ್ಟಗಳಿಂದ ಇಳಿಜಾರಿನಲ್ಲೇ ಹರಿದು ಬರುವ ಊಟೆ ನೀರು. ಬಚ್ಚಲ ನಲ್ಲಿಯದನ್ನೇ ಕುಡಿಯಬೇಕೆಂದರೆ ಅಮ್ಮ ಎರಡು ದಿನ ಒಪ್ಪಲಿಲ್ಲ, ಅದು ಬೇರೆ ಕಥೆ.

ನಮ್ಮ ಬಾಡಿಗೆ ಅಪಾರ್ಟ್‌ಮೆಂಟ್ ಇದ್ದದ್ದು ಯು3 ಮೆಟ್ರೋದ ತ್ಸೀಗ್ಲರ್‌ಗಾಸೆ ನಿಲ್ದಾಣದ ಹತ್ತಿರ. ಪಿನ್‌ಕೋಡ್ 1070. ನಡುವಿನ ಎರಡು ಅಂಕಿ 07 ಅಂದರೆ ಏಳನೇ ಜಿಲ್ಲೆ. ವಿಳಾಸದಲ್ಲಿ ಓರೆಗೆರೆ ಹಾಕಿ ಮೂರು ಸಂಖ್ಯೆಗಳಿದ್ದರೆ ಮೊದಲನೆಯದು ಕಟ್ಟಡ, ಎರಡನೆಯದು ಯಾವ ಮೆಟ್ಟಿಲಸಾಲು, ಮೂರನೆಯದು ಬಾಗಿಲು. ಇದು ಗೊತ್ತಿಲ್ಲದೆ ಅಂಗಳದಲ್ಲಿ ಇಪ್ಪತ್ತು ನಿಮಿಷ ಸುತ್ತಿದೆ. ಮೆಟ್ಟಿಲಸಾಲು ಸಿಕ್ಕಮೇಲೆ ಇನ್ನೊಂದು ಫಜೀತಿ. 'ಎರಡನೇ ಮಹಡಿ' ಎಂದಿದ್ದರು. ಹಳೇ ವಿಯೆನ್ನಾ ಕಟ್ಟಡಗಳಲ್ಲಿ ನೆಲಮಹಡಿ ದಾಟಿದ ಮೇಲೆ ಹೋಖ್‌ಪಾರ್ಟೆರ್, ಮೆಟ್ಸಾನೀನ್ ಎಂಬ ಲೆಕ್ಕಕ್ಕಿಲ್ಲದ ಅಂತಸ್ತುಗಳಿರುತ್ತವೆ. ಒಂದನೇ ಮಹಡಿ ಶುರುವಾಗುವುದೇ ಆಮೇಲೆ! ಅಂದರೆ ನಾನು ಲಿಫ್ಟಿಲ್ಲದೆ ಸೂಟ್‌ಕೇಸು ಹೊತ್ತದ್ದು ನಾಲ್ಕು ಮಹಡಿ. ಮೆಟ್ಟಿಲ ದೀಪ ತಾನಾಗೇ ಆರುತ್ತದೆ, ಮಿಣುಕುವ ಗುಂಡಿ ಒತ್ತಿದರೆ ಮತ್ತೆ ಹತ್ತುತ್ತದೆ. ವಯಸ್ಸಾದವರು ಜೊತೆಗಿದ್ದರೆ ಬುಕ್ ಮಾಡುವಾಗ ಲಿಫ್ಟ್ ಇದೆಯೇ ಎಂದಷ್ಟೇ ಅಲ್ಲ, ಬೀದಿಯಿಂದ ಮನೆಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಕೇಳಿ. ಬೀಗದಕೈ ಪೆಟ್ಟಿಗೆಯ ಸಂಖ್ಯೆ ಇದ್ದ ಇಮೇಲನ್ನು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಂಡಿದ್ದೆ, ಪುಣ್ಯ. ರೋಮಿಂಗ್ ಕೈಕೊಟ್ಟಿತ್ತು.

ಬಾಗಿಲು ತೆರೆದಾಗ ಆರೂವರೆ, ಹೊಟ್ಟೆಯಲ್ಲಿ ಬೆಂಕಿ. ಭಾನುವಾರ ಇಲ್ಲಿ ಸೂಪರ್‌ಮಾರ್ಕೆಟ್‌ಗಳು ಬಂದ್. ಪ್ರಾಟರ್‌ಸ್ಟರ್ನ್, ಹೌಪ್ಟ್‌ಬಾನ್‌ಹೋಫ್‌ನಂಥ ದೊಡ್ಡ ರೈಲು ನಿಲ್ದಾಣಗಳಲ್ಲಿ, ಮತ್ತೆ ವಿಮಾನ ನಿಲ್ದಾಣದಲ್ಲಿ ಮಾತ್ರ ತೆರೆದಿರುತ್ತವೆ. ಹಾಲು, ಬ್ರೆಡ್ಡು, ಬಾಳೆಹಣ್ಣು ಇಳಿದಲ್ಲೇ ಕೊಳ್ಳಿ. ನಾನು ಕೊಳ್ಳಲಿಲ್ಲ. ಬೀದಿಯಂಚಿನ ವುರ್ಸ್ಟೆಲ್‌ಷ್ಟಾಂಡ್ ಗಾಡಿಯಲ್ಲಿ 'ಕೇಸೆಕ್ರೈನರ್' ಎಂದು ಓದಿ, ಕೇಸೆ ಅಂದರೆ ಚೀಸ್ ತಾನೇ ಎಂದು ಇನ್ನೇನು ಬೆರಳು ತೋರಿಸಿಬಿಡುತ್ತಿದ್ದೆ. ಅದು ಚೀಸ್ ತುಂಬಿದ ಹಂದಿಮಾಂಸದ ಸಾಸೇಜು. ಸಸ್ಯಾಹಾರಿಗಳು ಕಬಾಬ್ ಅಂಗಡಿಯಲ್ಲಿ ಫಲಾಫೆಲ್ ಕೇಳುವುದು ಕ್ಷೇಮ. ಅಮ್ಮ ಅದನ್ನು ಮುರಿದು ನೋಡಿ "ಕಡಲೆ ವಡೆ, ಸ್ವಲ್ಪ ಉಪ್ಪು ಕಮ್ಮಿ" ಎಂದು ತೀರ್ಪಿತ್ತಳು.

ಏಳೂವರೆಗೂ ಮಧ್ಯಾಹ್ನದಂಥ ಬಿಸಿಲು. ಮಲಗಿದರೆ ಕೆಟ್ಟೆವು, ನಡೆಯಲು ಕಾಲಿಲ್ಲ. ಹೀಗಿರುವಾಗ ಟ್ರಾಮ್‌ನಷ್ಟು ಉಪಕಾರಿ ಇನ್ನೊಂದಿಲ್ಲ. 49ನೇ ನಂಬರಿನಲ್ಲಿ ಹಳೇ ನಗರವನ್ನು ಸುತ್ತುವ ರಿಂಗ್ ಬೀದಿಗೆ ಬಂದು, 1ನೇ ನಂಬರಿಗೆ ಬದಲಾಯಿಸಿ ಕಿಟಕಿಯ ಪಕ್ಕ ಕೂತೆವು. 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಕೋಟೆ ಗೋಡೆ ಕೆಡವಲು ಹೇಳಿ ಆ ಜಾಗದಲ್ಲಿ ಮಾಡಿಸಿದ ಬೀದಿ ಇದು. ಸಂಸತ್ತು, ರಾಟ್‌ಹೌಸ್ ಎಂಬ ನಗರಸಭೆ ಕಟ್ಟಡ, ವಿಶ್ವವಿದ್ಯಾಲಯ ಎಲ್ಲವೂ ಕೂತಲ್ಲೇ ಸರಿದು ಹೋದವು. ಷ್ವೇಡನ್‌ಪ್ಲಾಟ್ಸ್‌ನಲ್ಲಿ ಇಳಿದು ಐಸ್‌ಕ್ರೀಮ್ ತಿಂದು, ಹತ್ತು ನಿಮಿಷ ನಿಧಾನ ನಡೆದರೆ ಸ್ಟೆಫಾನ್ ಕೆಥೆಡ್ರಲ್. 136 ಮೀಟರಿನ ಗೋಪುರ ನೋಡಲು ಅಮ್ಮ ಕತ್ತೆತ್ತಿದವಳು ಅಲ್ಲೇ ಕಟ್ಟೆಯ ಮೇಲೆ ಕೂತಳು. ಒಳಗೆ ಹೋಗಲಿಲ್ಲ. ಎದುರಿಗೇ ಇದ್ದ ಯು3 ಹಿಡಿದು ನೇರ ಮನೆ.

ಬೆಳಗಿನ ಮೂರೂವರೆಗೆ ಇಬ್ಬರಿಗೂ ಎಚ್ಚರ. ಊರಲ್ಲಿ ಏಳು ಗಂಟೆ, ಅಮ್ಮನ ಕಾಫಿ ಹೊತ್ತು. ಹಾಲಿರಲಿಲ್ಲ. ಕಿಟಕಿಯಾಚೆ ಆಗಲೇ ಹಕ್ಕಿಗಳ ಗದ್ದಲ. ಎದುರು ಬೀದಿಯ ಬೇಕರಿ ತೆರೆಯುವವರೆಗೆ ರಾತ್ರಿ ಮಿಕ್ಕ ರೊಟ್ಟಿಯ ತುಂಡಿಗೆ ಚಟ್ನಿಪುಡಿ ಉದುರಿಸಿಕೊಂಡು ಕೂತಿದ್ದೆವು.