ಸಂಡಿಗೆ ಹಾಕದ ಬೇಸಿಗೆ

ಇವತ್ತು ಹಾಸನದಲ್ಲಿ ಅತ್ತೆಯ ಶುಗರ್ ಚೆಕಪ್. ಕೈಯಲ್ಲಿ ಬಟ್ಟೆ ಅಂಗಡಿ ಕವರು, ಒಳಗೆ ಮಾತ್ರೆ. ಬೆಳಗಿನದಕ್ಕೆ ಕೆಂಪು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಹಸಿರು.

ಬಿಪಿ ನೋಡುತ್ತಾ ನರ್ಸ್ ಕೇಳಿದರು, "ಈಚೆಗೆ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತಾ ಅಮ್ಮ?"

ಊರಿಗೆಲ್ಲ "ಆರಾಮಿದೀನಿ" ಅನ್ನುವ ಅತ್ತೆ ರಬ್ಬರ್ ಬ್ಯಾಂಡ್ ಎಳೆಯುತ್ತಾ ಕೂತರು. ಆಮೇಲೆ, "ಈ ಸಲ ಸಂಡಿಗೇನೂ ಹಾಕಲಿಲ್ಲ ಕಣಮ್ಮ. ಬೇಡ ಅನ್ನಿಸ್ತು."

ಶುಗರ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಜಾಸ್ತಿ. ಇದರ ಬಗ್ಗೆ ನಮ್ಮ ದೇಶದ್ದೇ ಒಂದು ಅಧ್ಯಯನ 2020ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ನಾಲ್ಕು ಕ್ಲಿನಿಕ್, ಶುಗರ್ ಜೊತೆ ಖಿನ್ನತೆಯೂ ಇದ್ದ 404 ಜನ. ಕೆಲವರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಜೊತೆಗೊಬ್ಬ ಕೇರ್ ಕೋಆರ್ಡಿನೇಟರ್. ಡಾಕ್ಟರಲ್ಲ, ಆಗಾಗ ವಿಚಾರಿಸಿ ಡಾಕ್ಟರಿಗೆ ಮುಟ್ಟಿಸುವವರು, ಅಷ್ಟೇ. ಎರಡು ವರ್ಷ ಆದಮೇಲೆ ನೋಡಿದರೆ, ಮನಸ್ಸು ಹಗುರಾಗಿ ಅದರ ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದರೂ ಇಳಿದವರು ಈ ಗುಂಪಿನಲ್ಲೇ ಜಾಸ್ತಿ.

ನನ್ನ ಪ್ರಕಾರ ಪ್ರತಿ ಶುಗರ್ ಕ್ಲಿನಿಕ್‌ಗೂ ಇಂಥವರೊಬ್ಬರು ಬೇಕು. ಡಾಕ್ಟರಿಗೆ ಸಂಡಿಗೆ ವಿಷಯ ಕೇಳುವಷ್ಟು ಪುರುಸೊತ್ತು ಎಲ್ಲಿರುತ್ತೆ ಹೇಳಿ? ಹೊರಗಿನ ಕ್ಯೂ ನೋಡಿದ್ದೀರಲ್ವಾ!